ಮನೆಯ ಸರ್ವರಿನಿಂದ ಹೊರಟ ಮೇಲ್ ತಲುಪಲು ಪಟ್ಟ ಪಾಡು

ಧಾರವಾಡದ ನಮ್ಮ ಮನೆಯಲ್ಲಿ ಒಂದು ಮೇಲ್ ಸರ್ವರ್ ಇದೆ. ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಪುಟ್ಟ ಕಂಪ್ಯೂಟರ್, ಅದರ ಮೇಲೆ ಮೇಲ್ ಕಳಿಸುವ-ಪಡೆಯುವ ಪೋಸ್ಟ್‌ಫಿಕ್ಸ್ ಮತ್ತು ಬಂದದ್ದನ್ನು ಓದಲು ಕೊಡುವ ಡವ್‌ಕಾಟ್ ಎಂಬ ತಂತ್ರಾಂಶಗಳು, ಕರೆಂಟ್ ಹೋದರೆ ಆಸರೆಗೆ ಒಂದು ಯುಪಿಎಸ್, ಇಷ್ಟೇ ಅದರ ಸರಂಜಾಮು. ಮನೆಮಂದಿಯ ಪತ್ರವ್ಯವಹಾರ, ಹೊಲದ ಕಾಗದಪತ್ರಗಳ ಪ್ರತಿಗಳು, ಮಕ್ಕಳ ಓದಿಗೆ ಸಂಬಂಧಿಸಿದ ದಾಖಲೆಗಳು ನಮ್ಮದೇ ಡಿಸ್ಕಿನಲ್ಲಿ, ನಮ್ಮದೇ ಡೊಮೈನಿನ ಹೆಸರಿನಲ್ಲಿ ಇರಬೇಕೆಂಬ ಆಸೆಯಿಂದ ಅದನ್ನು ಕಟ್ಟಿದೆ. 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳಲ್ಲಿ ಮನೆಯ ಯಂತ್ರ, ಕಂಪನಿಯ ಯಂತ್ರ ಎಂಬ ಭೇದವಿಲ್ಲ. ಅಂತರ್ಜಾಲದಲ್ಲಿರುವ ಯಾವುದೇ ಯಂತ್ರ ಇನ್ನೊಂದರ 25ನೇ ಪೋರ್ಟಿಗೆ, ಅಂದರೆ ಮೇಲಿಗೆಂದೇ ಇರುವ ಬಾಗಿಲಿಗೆ, ಹೋಗಿ ಪತ್ರ ಒಪ್ಪಿಸಬಹುದು. ಒಳಬರುವ ಮೇಲ್ ಆ ನಿಯಮದಂತೆಯೇ ಮೊದಲ ದಿನದಿಂದ ಸಲೀಸಾಗಿ ಬಂದಿತು. ಹೊರಹೋಗುವ ಮೇಲಿನ ವಿಷಯದಲ್ಲಿ ಮಾತ್ರ ಆ ಸಮಾನತೆ ಕಾಗದದ ಮೇಲಷ್ಟೇ ಉಳಿದಿದೆ ಎಂದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ.

ಅಣ್ಣನ ಮಗಳ ವಿದ್ಯಾರ್ಥಿವೇತನದ ದಾಖಲೆಗಳನ್ನು ಕಲಬುರಗಿಯ ಒಂದು ಕಾಲೇಜಿನ ಕಚೇರಿಗೆ ಕಳಿಸಿದ್ದೆ. ಪತ್ರ ಹೋದಷ್ಟೇ ವೇಗದಲ್ಲಿ ಮೇಲರ್ ಡೀಮನ್ ಹೆಸರಿನಲ್ಲಿ ವಾಪಸು ಬಂತು. ಅದರೊಳಗೆ 554 5.7.1 ಎಂಬ ಸಂಖ್ಯೆ, ಅದರ ಪಕ್ಕದಲ್ಲಿ ಚೌಕ ಕಂಸದೊಳಗೆ ನಮ್ಮ ಮನೆಯ ಐಪಿ ವಿಳಾಸ (ಅಂತರ್ಜಾಲದಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಆಮೇಲೆ ಯಾವ ಕಪ್ಪುಪಟ್ಟಿಯ, ಅಂದರೆ ಮೇಲ್ ಸ್ವೀಕರಿಸಬಾರದ ವಿಳಾಸಗಳ ಪಟ್ಟಿಯ, ಆಧಾರದ ಮೇಲೆ ತಡೆಯಲಾಗಿದೆ ಎಂಬ ಹೆಸರು, ಕೊನೆಗೆ ಕಾರಣ ತಿಳಿಯಲು ಒಂದು ಕೊಂಡಿ ಇದ್ದವು. ಇಂಥ ಸಂಖ್ಯೆಗಳಲ್ಲಿ ಮೊದಲನೆಯ ಅಂಕಿಯೇ ಮುಖ್ಯ. ಅದು 4 ಆಗಿದ್ದರೆ ‘ಈಗ ಬೇಡ, ಆಮೇಲೆ ಬಾ’ ಎಂದರ್ಥ. ಪೋಸ್ಟ್‌ಫಿಕ್ಸ್ ಆ ಪತ್ರವನ್ನು ಸರತಿಯಲ್ಲಿಟ್ಟುಕೊಂಡು, ಬೇರೇನೂ ಹೇಳದಿದ್ದರೆ 5 ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 5 ಆಗಿದ್ದರೆ ಮಾತು ಮುಗಿಯಿತು. ನಡುವಿನ 7, ತಡೆಗೆ ಕಾರಣ ಭದ್ರತೆ ಅಥವಾ ನೀತಿ ಎಂದು ಹೇಳುತ್ತದೆ, ಅಂದರೆ ಪತ್ರದಲ್ಲಿ ಏನಿದೆ ಎಂದು ನೋಡುವ ಮೊದಲೇ, ಅದು ಬಂದ ವಿಳಾಸವನ್ನು ನೋಡಿ ಬಾಗಿಲು ಹಾಕಿದ್ದರು. ಕೊನೆಯ ದಿನಾಂಕ ಹತ್ತಿರವಿದ್ದುದರಿಂದ ದಾಖಲೆಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಈ ತಡೆಯ ಬೇರು ಎಲ್ಲಿದೆ ಎಂದು ಹುಡುಕಲು ಕುಳಿತೆ.

ಪಟ್ಟಿಯಲ್ಲಿ ನಮ್ಮ ವಿಳಾಸ ಇದೆಯೇ ಎಂದು ಕೇಳುವ ವಿಧಾನ ಬಹಳ ಸರಳ. ಈ ಪಟ್ಟಿಗಳೆಲ್ಲ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೂಲಕವೇ ಉತ್ತರ ಕೊಡುತ್ತವೆ. ಐಪಿ ವಿಳಾಸದ ನಾಲ್ಕು ಭಾಗಗಳನ್ನು ತಿರುವುಮುರುವು ಮಾಡಿ, ಅದರ ಕೊನೆಗೆ ಪಟ್ಟಿಯ ಡೊಮೈನ್ ಹೆಸರನ್ನು ಜೋಡಿಸಿ, ಆ ಹೆಸರಿಗೆ ವಿಳಾಸವಿದೆಯೇ ಎಂದು ವಿಚಾರಿಸಬೇಕು. ಉದಾಹರಣೆಗೆಂದೇ ಮೀಸಲಿಟ್ಟಿರುವ 203.0.113.45 ಎಂಬ ವಿಳಾಸವಾದರೆ 45.113.0.203 ಎಂದು ಬರೆದು, ಕೊನೆಗೆ ಪಟ್ಟಿಯ ಹೆಸರು ಸೇರಿಸಬೇಕು. ಅಂಥ ಹೆಸರೇ ಇಲ್ಲ ಎಂಬ ಉತ್ತರ ಬಂದರೆ ನಾವು ಪಟ್ಟಿಯಲ್ಲಿಲ್ಲ. 127ರಿಂದ ಶುರುವಾಗುವ ಉತ್ತರ ಬಂದರೆ ಇದ್ದೇವೆ, ಏಕೆ ಇದ್ದೇವೆ ಎಂಬುದನ್ನು ಸಾಮಾನ್ಯವಾಗಿ ಕೊನೆಯ ಅಂಕಿ ಹೇಳುತ್ತದೆ. 2010ರಲ್ಲಿ ಆರ್‌ಎಫ್‌ಸಿ 5782 ಎಂಬ ದಾಖಲೆ ಈ ಪದ್ಧತಿಯನ್ನೆಲ್ಲ ಒಂದೆಡೆ ಬರೆದಿಟ್ಟಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಎಲ್ಲರೂ ಬಳಸುವ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಪಟ್ಟಿ ನಡೆಸುವ ಸ್ಪ್ಯಾಮ್‌ಹಾಸ್‌ನಂಥ ಸಂಸ್ಥೆಗಳು ಸರಿಯಾದ ಉತ್ತರದ ಬದಲು 127.255.255.254 ಎಂಬ ದೋಷಸೂಚಕ ಸಂಖ್ಯೆಯನ್ನು ಕೊಡುತ್ತವೆ. 127ರಿಂದ ಶುರುವಾದ ಎಲ್ಲವನ್ನೂ ‘ತಡೆ’ ಎಂದೇ ಓದುವ ಸರ್ವರ್‌ಗಳು ಇದರಿಂದಾಗಿ ತಮಗೆ ಬರುವ ಮೇಲನ್ನೆಲ್ಲ, ಕಳಿಸಿದವರ ತಪ್ಪು ಏನೂ ಇಲ್ಲದಿದ್ದರೂ, ತಿರುಗಿಸಿಬಿಡುತ್ತವೆ. ಆದ್ದರಿಂದ ನಾನು ಮನೆಯಲ್ಲೇ ಡಿಎನ್‌ಎಸ್ ವಿಚಾರಿಸುವ ರಿಸಾಲ್ವರ್ ಒಂದನ್ನು ಹಾಕಿಕೊಂಡು, ಅದರ ಮೂಲಕ ವಿಚಾರಿಸಿದೆ.

ಬಂದ ಉತ್ತರದಲ್ಲಿ ನಮ್ಮ ಮನೆಯಿಂದ ಸ್ಪ್ಯಾಮ್ ಹೋಗಿದೆ ಎಂಬ ಆರೋಪ ಇರಲಿಲ್ಲ. ಅದು ನೀತಿ ಪಟ್ಟಿಯ ಸಂಕೇತವಾಗಿತ್ತು. ಎರಡರ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಒಂದು ಬಗೆಯ ಪಟ್ಟಿಗೆ ವಿಳಾಸ ಸೇರುವುದು ಅದರಿಂದ ಕೆಟ್ಟ ಮೇಲ್ ಹೊರಟದ್ದನ್ನು ಯಾರೋ ಕಂಡದ್ದರಿಂದ. ನೀತಿ ಪಟ್ಟಿಗೆ ಸೇರುವುದು ಆ ವಿಳಾಸ ಮನೆ ಬಳಕೆಯದು, ಅಲ್ಲಿಂದ ನೇರವಾಗಿ ಮೇಲ್ ಬರಬೇಕಾಗಿಲ್ಲ ಎಂಬ ಪೂರ್ವನಿರ್ಧಾರದಿಂದ. ಈ ಬಗೆಯಲ್ಲಿ ಹೆಚ್ಚು ಹೆಸರಾದದ್ದು ಸ್ಪ್ಯಾಮ್‌ಹಾಸ್ 2007ರಲ್ಲಿ ಆರಂಭಿಸಿದ ಪಿಬಿಎಲ್, ಅಂದರೆ ಪಾಲಿಸಿ ಬ್ಲಾಕ್‌ಲಿಸ್ಟ್. ಅದರಲ್ಲಿ 127.0.0.10 ಎಂದು ಬಂದರೆ ಆ ವಿಳಾಸಗಳ ಗುಂಪನ್ನು ಇಂಟರ್‌ನೆಟ್ ಸೇವೆ ಕೊಡುವ ಕಂಪನಿಯೇ ಸೇರಿಸಿದೆ ಎಂದೂ, 127.0.0.11 ಎಂದು ಬಂದರೆ ಪಟ್ಟಿ ನಡೆಸುವವರೇ ಸೇರಿಸಿದ್ದಾರೆ ಎಂದೂ ತಿಳಿಯಬೇಕು. ನನ್ನನ್ನು ತಡೆದ ಪಟ್ಟಿಯ ವಿವರಣೆಯಲ್ಲೂ ಇಂಥದೇ ಮಾತಿತ್ತು: ನಮ್ಮ ವಿಳಾಸವಿರುವ ಇಡೀ ಗುಂಪನ್ನು ನಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯೇ ‘ಇಲ್ಲಿಂದ ಮೇಲ್ ಬರುವುದಿಲ್ಲ’ ಎಂದು ಘೋಷಿಸಿ ಕೊಟ್ಟಿತ್ತು. ತಿಂಗಳು ತಿಂಗಳು ಬಿಲ್ ಕಟ್ಟುವ ನಮಗೆ ಆ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ.

ಆದರೂ ಈ ಪಟ್ಟಿಗಳು ಹುಟ್ಟಿದ ಕಾರಣವನ್ನು ಅಲ್ಲಗಳೆಯಲಾಗದು. 1997ರಲ್ಲಿ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಮ್ಯಾಪ್ಸ್ ಎಂಬ ಹೆಸರಿನಲ್ಲಿ ಮೊದಲ ಪಟ್ಟಿ ನಡೆಸತೊಡಗಿದಾಗ ಅವರ ಕಣ್ಣಿದ್ದದ್ದು ಬೇಕೆಂದೇ ಸ್ಪ್ಯಾಮ್ ಕಳಿಸುವವರ ಮೇಲೆ ಮತ್ತು ಅವರಿಗೆ ಜಾಗ ಕೊಡುವವರ ಮೇಲೆ. ಮುಂದೆ ಡಯಲ್-ಅಪ್ ವಿಳಾಸಗಳನ್ನೇ ಪ್ರತ್ಯೇಕವಾಗಿ ಕಲೆಹಾಕಿದ ಪಟ್ಟಿಗಳು ಬಂದವು, ಏಕೆಂದರೆ ಸ್ಪ್ಯಾಮ್ ಕಳಿಸುವವರು ಒಂದು ಸಂಪರ್ಕ ತೆಗೆದುಕೊಂಡು, ಮೇಲ್ ಸುರಿದು, ವಿಳಾಸ ಬದಲಾಯಿಸಿ ಮಾಯವಾಗುತ್ತಿದ್ದರು. 2003ರ ಹೊತ್ತಿಗೆ ಸೋಬಿಗ್‌ನಂಥ ಹುಳುಗಳು ಜನರ ಮನೆಯ ಕಂಪ್ಯೂಟರ್‌ಗಳನ್ನೇ ಅವರಿಗೆ ತಿಳಿಯದಂತೆ ಸ್ಪ್ಯಾಮ್ ಯಂತ್ರಗಳನ್ನಾಗಿ ಮಾಡಿದವು. 2011ರ ಮಾರ್ಚಿನಲ್ಲಿ ಇಂಥ ಸೋಂಕಿತ ಯಂತ್ರಗಳ ಜಾಲವಾದ ರಸ್ಟಾಕ್ ಎಂಬ ಬಾಟ್‌ನೆಟ್ ನಿಂತಾಗ ಜಗತ್ತಿನ ಒಟ್ಟು ಸ್ಪ್ಯಾಮ್ ಪ್ರಮಾಣವೇ ಕಣ್ಣಿಗೆ ಕಾಣುವಷ್ಟು ಇಳಿಯಿತು ಎಂದರೆ, ಮನೆಯ ಸಂಪರ್ಕಗಳಿಂದ ಎಷ್ಟು ಕಸ ಹೊರಡುತ್ತಿತ್ತು ಎಂದು ಊಹಿಸಬಹುದು. ನಮ್ಮ ಸರ್ವರಿನ ಲಾಗ್, ಅಂದರೆ ದಿನಚರಿ, ತೆರೆದರೆ ಇಂದಿಗೂ ದೂರದೂರದ ಮನೆಯ ಸಂಪರ್ಕಗಳಿಂದ ಬಂದು ಬಾಗಿಲು ತಟ್ಟುವ ಯಂತ್ರಗಳು ಸಾಲುಸಾಲಾಗಿ ಕಾಣುತ್ತವೆ. ಅವುಗಳನ್ನು ದೂರವಿಡಲು ನಾನೂ ಪಟ್ಟಿಗಳನ್ನು ನೋಡುತ್ತೇನೆ. ಹೀಗಾಗಿ ಪಟ್ಟಿಗಳೇ ಬೇಡ ಎನ್ನುವುದು ನನ್ನ ವಾದವಲ್ಲ. ಒಬ್ಬರ ನಡತೆಯನ್ನು ನೋಡದೆ ಅವರು ವಾಸಿಸುವ ಓಣಿಯನ್ನು ನೋಡಿ ತೀರ್ಪು ಕೊಡುವಾಗ, ತೀರ್ಪು ತಪ್ಪಾದವರಿಗೆ ತಿದ್ದಿಸಿಕೊಳ್ಳುವ ದಾರಿಯನ್ನಾದರೂ ತೆರೆದಿಡಬೇಕು ಎಂಬುದಷ್ಟೇ ನನ್ನ ವಾದ.

ಆ ದಾರಿಯನ್ನು ಹುಡುಕುತ್ತ ಮೊದಲು ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡಿದೆ. ಸಹಾಯವಾಣಿಯಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ನೆಟ್ ನಿಧಾನವಿದೆಯೇ, ಬಿಲ್ ತಪ್ಪಾಗಿದೆಯೇ, ಊರು ಬದಲಾಯಿಸಬೇಕೇ ಎಂಬ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. ನಮ್ಮ ಬಡಾವಣೆಗೆ ಕೇಬಲ್ ಹಾಕಿದ ಹುಡುಗ ಪರಿಚಯದವನು. ಅವನಿಗೆ ಹೇಳಿದಾಗ, ‘ಸರ, ನೆಟ್ ಬರಾಕತ್ತೈತಿ ಅಲ್ರಿ, ಮತ್ತೇನ್ ತೊಂದ್ರಿ?’ ಎಂದು ನಿಜವಾದ ಕಾಳಜಿಯಿಂದಲೇ ಕೇಳಿದ. ಕುಳಿತು ಲಾಗಿನ ಸಾಲನ್ನು ತೋರಿಸಿದ ಮೇಲೆ ಅವನಿಗೆ ವಿಷಯ ಅರ್ಥವಾಯಿತು. ಹುಬ್ಬಳ್ಳಿಯಲ್ಲಿರುವ ತನ್ನ ಮೇಲಿನ ಇಂಜಿನಿಯರ್‌ಗೆ ಅಲ್ಲಿಂದಲೇ ಕರೆ ಮಾಡಿ ಕೊಟ್ಟ. ಆ ಇಂಜಿನಿಯರ್ ಸಮಾಧಾನದಿಂದ ಕೇಳಿ, ಬದಲಾಗುವ ವಿಳಾಸಕ್ಕೆ ಏನೂ ಮಾಡಲು ಬರುವುದಿಲ್ಲವೆಂದೂ, ಹೆಚ್ಚುವರಿ ಹಣ ಕಟ್ಟಿ ಸ್ಥಿರ ಐಪಿ ತೆಗೆದುಕೊಂಡರೆ ಮುಂದಿನ ಮಾತಾಡಬಹುದೆಂದೂ ಹೇಳಿದರು. ನಮಗೆ ಸಾರ್ವಜನಿಕ ಐಪಿ ಮೊದಲೇ ಇದ್ದದ್ದು ಅದೃಷ್ಟ. ಏಷ್ಯಾ-ಪೆಸಿಫಿಕ್ ಭಾಗದ ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸಗಳ ಸಂಗ್ರಹ 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂದು ನಿಂತದ್ದರಿಂದ ಎಷ್ಟೋ ಕಂಪನಿಗಳು ಬಹಳಷ್ಟು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವೂ ಹಾಗೆಯೇ ಇದ್ದೀರಿ ಎಂದು ತಿಳಿಯಬಹುದು. ಅಂಥ ಕಡೆ ಒಂದು ಮನೆಯ ಸೋಂಕಿತ ಯಂತ್ರದಿಂದ ವಿಳಾಸ ಪಟ್ಟಿಗೆ ಬಿದ್ದರೆ, ಅದರ ಹಿಂದಿರುವ ಎಲ್ಲ ಮನೆಗಳೂ ಒಟ್ಟಿಗೆ ಬೀಳುತ್ತವೆ.

ಸ್ಥಿರ ಐಪಿ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಮೇಲ್ ಸ್ವೀಕರಿಸುವ ಸರ್ವರ್ ವಿಳಾಸದಿಂದ ಹೆಸರನ್ನು ಹುಡುಕುತ್ತದೆ, ಆ ಹೆಸರಿನಿಂದ ಮತ್ತೆ ವಿಳಾಸವನ್ನು ಹುಡುಕುತ್ತದೆ, ಎರಡೂ ಹೊಂದಿದರೆ ಮಾತ್ರ ನಂಬುತ್ತದೆ. ಹೆಸರಿನಿಂದ ವಿಳಾಸಕ್ಕೆ ಹೋಗುವ ದಾಖಲೆ ನಮ್ಮ ಡೊಮೈನಿನಲ್ಲಿ ಇರುತ್ತದೆ, ಅದನ್ನು ನಾವೇ ಬರೆಯಬಹುದು. ವಿಳಾಸದಿಂದ ಹೆಸರಿಗೆ ಬರುವ ಪಿಟಿಆರ್ ದಾಖಲೆ ವಿಳಾಸದ ಒಡೆಯರಾದ ಕಂಪನಿಯ ಕೈಯಲ್ಲಿರುತ್ತದೆ. ನಮ್ಮ ವಿಳಾಸಕ್ಕೆ ಕಂಪನಿ ಇಟ್ಟಿದ್ದ ಹೆಸರಿನಲ್ಲಿ ಐಪಿಯ ಅಂಕಿಗಳೇ ಗೆರೆಗಳಿಂದ ಜೋಡಣೆಯಾಗಿದ್ದವು. ಅಂಥ ಹೆಸರನ್ನು ಕಂಡ ಕೂಡಲೇ ಇದು ಮನೆಯ ಸಂಪರ್ಕ ಎಂದು ತೀರ್ಮಾನಿಸುವ ಸರ್ವರ್‌ಗಳು ಬೇಕಾದಷ್ಟಿವೆ. ಅದನ್ನು ಬದಲಾಯಿಸಿ ನಮ್ಮ ಸರ್ವರಿನ ಹೆಸರನ್ನು ಹಾಕಿಸಲು ಪತ್ರದ ಮೇಲೆ ಪತ್ರ ಬರೆಯಬೇಕಾಯಿತು. ಪ್ರತಿ ಸಲ ಹೊಸ ದೂರು ಸಂಖ್ಯೆ ಕೊಟ್ಟು, ಸಂಪರ್ಕ ಚಾಲ್ತಿಯಲ್ಲಿದೆ ಎಂಬ ಕಾರಣಕ್ಕೆ ದೂರನ್ನು ಮುಚ್ಚುತ್ತಿದ್ದರು. ಕಡೆಗೆ ಕೆಲಸ ಆದದ್ದು ಆ ಹುಬ್ಬಳ್ಳಿಯ ಇಂಜಿನಿಯರ್ ಜಾಲ ನಿರ್ವಹಣೆಯ ವಿಭಾಗದಲ್ಲಿರುವ ಒಬ್ಬರಿಗೆ ನೇರವಾಗಿ ಹೇಳಿದ್ದರಿಂದ. ಆ ಹೊತ್ತಿಗೆ, ಪತ್ರ ನಮ್ಮ ಡೊಮೈನಿನದೇ ಎಂದು ದೃಢೀಕರಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ದಾಖಲೆಗಳನ್ನು ನಾನು ಸರಿಯಾಗಿ ಹಾಕಿ ಮುಗಿಸಿದ್ದೆ; ಅವುಗಳ ಬಗ್ಗೆ ವಿವರ ಎಲ್ಲೆಡೆ ಸಿಗುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ನಂತರ ಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿ. ವಿಳಾಸ ಸ್ಥಿರವೇ, ಪಿಟಿಆರ್ ಹೊಂದಿಕೆಯಾಗುತ್ತದೆಯೇ, ಇದರಲ್ಲಿ ನಿಜವಾಗಿಯೂ ಮೇಲ್ ಸರ್ವರ್ ಇದೆಯೇ ಎಂಬ ಪ್ರಶ್ನೆಗಳಿದ್ದವು, ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ನಮ್ಮ ಡೊಮೈನಿನ ಪೋಸ್ಟ್‌ಮಾಸ್ಟರ್ ವಿಳಾಸಕ್ಕೆ ಬಂದ ಸಂಕೇತವನ್ನು ತುಂಬಿದ ಮೇಲೆ ಸಿಕ್ಕ ಉತ್ತರ ಮಾತ್ರ ನಿರಾಸೆ ತಂದಿತು: ಸ್ಥಿರ ವಿಳಾಸವೂ ಕಂಪನಿ ಘೋಷಿಸಿದ ಗುಂಪಿನೊಳಗೇ ಇರುವುದರಿಂದ ತೆಗೆಯುವ ಅಧಿಕಾರ ಕಂಪನಿಗೆ ಸೇರಿದ್ದು. ಮತ್ತೆ ಅದೇ ಇಂಜಿನಿಯರ್, ಮತ್ತೆ ಅದೇ ವಿನಂತಿ. ಹಣ ಪಡೆದು ಸ್ಥಿರ ಐಪಿ ಕೊಡುವ ಕಂಪನಿ, ಅದೇ ವಿಳಾಸದಿಂದ ಮೇಲ್ ಬರುವುದಿಲ್ಲ ಎಂದು ಲೋಕಕ್ಕೆ ಹೇಳುತ್ತಿರುವುದು ಸರಿಯಲ್ಲ ಎಂಬುದನ್ನು ಅವರು ಒಪ್ಪಿದರು, ಮತ್ತು ಕೆಲವು ವಾರಗಳ ನಂತರ ನಮ್ಮ ವಿಳಾಸವನ್ನು ಆ ಘೋಷಣೆಯಿಂದ ಹೊರಗಿಡಿಸಿದರು. ಕಲಬುರಗಿಯ ಕಾಲೇಜಿಗೆ ಕಳಿಸಿದ ಪರೀಕ್ಷಾ ಪತ್ರ ಆ ದಿನ 250 ಎಂಬ ಉತ್ತರದೊಂದಿಗೆ ಸೇರಿತು. ಎಸ್‌ಎಂಟಿಪಿಯಲ್ಲಿ 250 ಎಂದರೆ ‘ಪತ್ರ ನಮ್ಮ ಕೈಗೆ ಬಂತು, ಇನ್ನು ಹೊಣೆ ನಮ್ಮದು’ ಎಂದು ಸ್ವೀಕರಿಸುವ ಸರ್ವರ್ ಹೇಳಿದಂತೆ.

ಇಷ್ಟರಲ್ಲಿ ಇನ್ನೊಂದು ಪಟ್ಟಿ ಎದುರಾಯಿತು. ಅದು ನಮ್ಮ ವಿಳಾಸವನ್ನಾಗಲಿ, ನಮ್ಮ ನೆರೆಯ ವಿಳಾಸಗಳನ್ನಾಗಲಿ ನೋಡದೆ, ಇಡೀ ಕಂಪನಿಯ ಜಾಲವನ್ನೇ ಒಟ್ಟಾಗಿ ಸೇರಿಸಿಕೊಂಡಿತ್ತು. ಬೇಗ ಬಿಡಿಸಿಕೊಳ್ಳಬೇಕಾದರೆ ಹಣ ಕಟ್ಟಬಹುದು ಎಂಬ ಸೂಚನೆಯೂ ಇತ್ತು. ನಾನು ಕಟ್ಟಲಿಲ್ಲ. ಹಣ ಕೊಟ್ಟವರನ್ನು ಬಿಡುವ ಪಟ್ಟಿ ಸ್ಪ್ಯಾಮ್ ಕಳಿಸುವವರನ್ನೂ ಬಿಡಬೇಕಾಗುತ್ತದೆ, ಆದ್ದರಿಂದ ಅದರ ಮಾತಿಗೆ ತೂಕ ಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಬಳಸುತ್ತಿದ್ದ ಸ್ಥಳೀಯ ಸಹಕಾರಿ ಸಂಸ್ಥೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ಹೋಗಿ ಈ ವಿಷಯ ವಿವರಿಸಿದಾಗ ಅವರು ಆ ಪಟ್ಟಿಯನ್ನೇ ತಮ್ಮ ಸರ್ವರಿನಿಂದ ತೆಗೆದುಹಾಕಿದರು. ಯಾರೋ ಎಂದೋ ಸೇರಿಸಿದ ಪಟ್ಟಿಗಳು ಹೀಗೆ ಎಷ್ಟೋ ಕಚೇರಿಗಳಲ್ಲಿ ಯಾರ ಗಮನಕ್ಕೂ ಬಾರದೆ ಉಳಿದುಕೊಂಡಿರುತ್ತವೆ. 2024ರ ಜೂನ್‌ನಲ್ಲಿ ಸಾರ್ಬ್ಸ್ ಎಂಬ ಹಳೆಯ ಪಟ್ಟಿ ನಿಂತುಹೋಯಿತು. ಅಂಥ ಹೆಸರುಗಳನ್ನು ತಮ್ಮ ಸರ್ವರಿನಲ್ಲಿ ಹೊಂದಿರುವವರು ವರ್ಷಕ್ಕೊಮ್ಮೆಯಾದರೂ ಆ ಸಾಲುಗಳನ್ನು ತೆರೆದು ನೋಡಬೇಕು.

ಇವೆಲ್ಲಕ್ಕಿಂತ ಹೆಚ್ಚು ಬಾಧಿಸಿದ್ದು ಬೇರೆಯೇ ಬಗೆಯ ತಡೆ. ಉಡುಪಿಯಲ್ಲಿರುವ ತಂಗಿಗೆ ಬರೆದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಲಾಗಿನಲ್ಲಿ ಪ್ರತಿಯೊಂದಕ್ಕೂ 250 ಇತ್ತು. ಫೋನಿನಲ್ಲಿ ಅವಳಿಗೆ ಸ್ಪ್ಯಾಮ್ ಫೋಲ್ಡರ್ ತೆರೆಯಲು ಹೇಳಿದಾಗ ಕೆಲವು ಅಲ್ಲಿ ಸಿಕ್ಕವು, ಕೆಲವು ಅಲ್ಲೂ ಇರಲಿಲ್ಲ. ‘ನೀನು ಕಳ್ಸೇ ಇಲ್ಲ ಅಂದ್ಕೊಂಡಿದ್ದೆ ಅಣ್ಣ’ ಎಂದಳು. 554 ಎಂಬ ಉತ್ತರದಿಂದ ನನಗೆ ಕಷ್ಟವಾಗಿತ್ತು ನಿಜ, ಆದರೆ ಅದರಲ್ಲಿ ಕಾರಣವಿತ್ತು, ಕೊಂಡಿಯಿತ್ತು, ಮುಂದೆ ಹೋಗಿ ಬಾಗಿಲು ತಟ್ಟಲು ಒಂದು ವಿಳಾಸವಿತ್ತು. ಸ್ವೀಕರಿಸಿದೆವು ಎಂದು ಹೇಳಿ ಸದ್ದಿಲ್ಲದೆ ಬಚ್ಚಿಡುವ ಅಥವಾ ಬಿಸಾಡುವ ಪದ್ಧತಿಯಲ್ಲಿ ಕಳಿಸಿದವರಿಗೂ ಗೊತ್ತಾಗುವುದಿಲ್ಲ, ಪಡೆಯಬೇಕಾದವರಿಗೂ ಗೊತ್ತಾಗುವುದಿಲ್ಲ. ಕಪ್ಪುಪಟ್ಟಿಗಳ ಬಗ್ಗೆ ಎಲ್ಲರೂ ಸಿಟ್ಟಾಗುತ್ತಾರೆ. ನನ್ನ ಅನುಭವದಲ್ಲಿ ಮುಖಕ್ಕೆ ಹೇಳಿ ತಿರುಗಿಸುವ ಪಟ್ಟಿಗಿಂತ ಈ ಮೌನವೇ ಜನರ ಸಂಬಂಧಗಳಿಗೆ ಹೆಚ್ಚು ಹಾನಿ ಮಾಡುತ್ತದೆ.

ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಬಳಸಿದರೆ ಪಾರಾಗಬಹುದೇ ಎಂದು ಗೆಳೆಯರು ಕೇಳಿದ್ದುಂಟು. ಐಪಿವಿ6 ಬಳಕೆಯಲ್ಲಿ ಭಾರತ ಮುಂಚೂಣಿಯಲ್ಲಿರುವುದು ನಿಜವಾದರೂ ಮನೆಯ ಐಪಿವಿ6 ವಿಳಾಸಗಳಿಗೆ ಪಿಟಿಆರ್ ಹಾಕಿಕೊಡುವವರು ವಿರಳ, ಮತ್ತು ಪಿಟಿಆರ್ ಇಲ್ಲದ ಐಪಿವಿ6 ಮೇಲನ್ನು ಜಿಮೇಲ್ ಸ್ವೀಕರಿಸುವುದಿಲ್ಲ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ತಮಗೆ ಮೇಲ್ ಕಳಿಸುವ ಎಲ್ಲರಿಗೂ ಪಿಟಿಆರ್ ಹಾಗೂ ದೃಢೀಕರಣವನ್ನು ಕಡ್ಡಾಯ ಮಾಡಿವೆ. ಪೋಸ್ಟ್‌ಫಿಕ್ಸ್ ಐಪಿವಿ4 ಮೂಲಕವೇ ಹೊರಹೋಗುವಂತೆ ಮಾಡಿ ಆ ದಾರಿಯನ್ನು ಬಿಟ್ಟೆ.

ಕಡೆಗೆ ನಾನು ಒಪ್ಪಿಕೊಂಡ ವ್ಯವಸ್ಥೆ ಹೀಗಿದೆ. ಮುಂಬೈನ ಒಂದು ಡೇಟಾ ಸೆಂಟರಿನಲ್ಲಿ ಸಣ್ಣ ಬಾಡಿಗೆ ಸರ್ವರ್ ತೆಗೆದುಕೊಂಡು, ಅದಕ್ಕೂ ಮನೆಗೂ ನಡುವೆ ವೈರ್‌ಗಾರ್ಡ್ ತಂತ್ರಾಂಶದಿಂದ ಒಂದು ಗುಪ್ತ ಸಂಪರ್ಕದ ಸುರಂಗ ಹಾಕಿದೆ. ಮೇಲ್ ಪೆಟ್ಟಿಗೆಗಳು, ಹಳೆಯ ಪತ್ರಗಳು, ಡಿಕಿಮ್ ಸಹಿಯ ಕೀಲಿ ಎಲ್ಲವೂ ಮನೆಯಲ್ಲೇ ಇವೆ. ಹೊರಹೋಗುವ ಪತ್ರ ಮಾತ್ರ ಆ ಸರ್ವರಿನ ವಿಳಾಸದಿಂದ ಹೊರಡುತ್ತದೆ. ಬಾಡಿಗೆ ವಿಳಾಸಕ್ಕೂ ಹಿಂದಿನ ಬಾಡಿಗೆದಾರರ ಚರಿತ್ರೆ ಅಂಟಿಕೊಂಡಿರುತ್ತದೆ. ಮೊದಲು ಸಿಕ್ಕ ವಿಳಾಸ ಸ್ಪ್ಯಾಮ್ ಕಳಿಸಿದವರ ಪಟ್ಟಿಯಲ್ಲೇ ಇತ್ತು, ಅದನ್ನು ಹಿಂತಿರುಗಿಸಿ ಬೇರೆಯದನ್ನು ಕೇಳಬೇಕಾಯಿತು. 25ನೇ ಪೋರ್ಟ್ ತೆರೆಸಲು ಅಲ್ಲೂ ವಿನಂತಿ ಬರೆಯಬೇಕು. ಇದಾದ ಮೇಲೆ ತಂಗಿಗೆ ಬರೆದ ಪತ್ರಗಳು ನಿಧಾನವಾಗಿ ಇನ್‌ಬಾಕ್ಸ್‌ಗೆ ಬರತೊಡಗಿದವು, ಅವಳು ಸ್ಪ್ಯಾಮ್ ಅಲ್ಲ ಎಂದು ಒತ್ತಿದ್ದೂ ಉತ್ತರ ಬರೆದದ್ದೂ ಅದಕ್ಕೆ ನೆರವಾಗಿರಬೇಕು.

ಇಲ್ಲೂ ಒಂದು ತೊಡಕು ಉಳಿದಿತ್ತು. ಅಣ್ಣನ ಮಗಳು ತನ್ನ ಮನೆಯಿಂದ ಲ್ಯಾಪ್‌ಟಾಪಿನಲ್ಲಿ ಬರೆದು, ಬಳಕೆದಾರರಿಗೆಂದಿರುವ 587ನೇ ಪೋರ್ಟಿನಲ್ಲಿ ಗುಪ್ತಪದ ಕೊಟ್ಟು ನಮ್ಮ ಸರ್ವರ್ ಮೂಲಕ ಕಳಿಸಿದ ಪತ್ರವನ್ನು ಒಂದು ಕಚೇರಿ ತಿರುಗಿಸಿತು. ಕಾರಣವಾಗಿ ತೋರಿಸಿದ ವಿಳಾಸ ನಮ್ಮ ಬಾಡಿಗೆ ಸರ್ವರಿನದಲ್ಲ, ಅವಳ ಮನೆಯ ಸಂಪರ್ಕದ್ದು. ಪತ್ರ ಹಾದುಬಂದ ಪ್ರತಿ ಹಂತವೂ ತಲೆಬರಹದಲ್ಲಿ ‘ರಿಸೀವ್ಡ್’ ಎಂಬ ಸಾಲಾಗಿ ದಾಖಲಾಗುತ್ತದೆ. ಆ ಕಚೇರಿಯ ಸೋಸುವಿಕೆ ಎಲ್ಲ ಸಾಲುಗಳನ್ನೂ ಅಗೆದು, ಪತ್ರ ಹೊರಟ ಜಾಗವನ್ನು ಹೇಳುವ ಅತ್ಯಂತ ಕೆಳಗಿನ ಸಾಲನ್ನೂ ನೀತಿ ಪಟ್ಟಿಯೊಂದಿಗೆ ಹೋಲಿಸುತ್ತಿತ್ತು. ನೀತಿ ಪಟ್ಟಿಯನ್ನು ನೇರವಾಗಿ ಸಂಪರ್ಕಿಸುವ ವಿಳಾಸಕ್ಕೆ ಮಾತ್ರ ಅನ್ವಯಿಸಬೇಕು, ಹೀಗೆ ಅಗೆದು ನೋಡಲು ಬಳಸಬಾರದು ಎಂದು ಪಟ್ಟಿ ನಡೆಸುವವರೇ ಹೇಳುತ್ತಾರೆ. ಮನೆಯಿಂದ ಕೆಲಸ ಮಾಡುವವರೆಲ್ಲರ ಪತ್ರವೂ ಮನೆಯ ಸಂಪರ್ಕದಿಂದಲೇ ಹುಟ್ಟುವಾಗ ಈ ಒಂದು ತಪ್ಪು ಹೊಂದಾಣಿಕೆಯಿಂದ ಎಷ್ಟು ಜನರ ಅರ್ಜಿಗಳು, ಬಿಲ್ಲುಗಳು, ವೈದ್ಯಕೀಯ ವರದಿಗಳು ದಾರಿಯಲ್ಲೇ ನಿಲ್ಲಬಹುದು ಎಂದು ಯೋಚಿಸಿದರೆ ಕಳವಳವಾಗುತ್ತದೆ. ಲಾಗಿನ್ ಆದವರ ಪತ್ರಗಳಿಂದ ಅತ್ಯಂತ ಕೆಳಗಿನ ಆ ಸಾಲನ್ನು ತೆಗೆದುಹಾಕುವಂತೆ ಪೋಸ್ಟ್‌ಫಿಕ್ಸಿನಲ್ಲಿ ನಿಯಮ ಬರೆದೆ. ಇದರಿಂದ ಅವರ ಮನೆಯ ವಿಳಾಸ ಪತ್ರ ಪಡೆದವರಿಗೆಲ್ಲ ತಿಳಿಯುವುದೂ ತಪ್ಪಿತು.

ನಮ್ಮ ಸರ್ವರಿಗೆ ಬರುವ ಪತ್ರಗಳಿಗೆ ಈಗ ನೀತಿ ಪಟ್ಟಿಯೊಂದೇ ಕಾರಣವಾಗಿ ಬಾಗಿಲು ಮುಚ್ಚುವುದಿಲ್ಲ. ಪಟ್ಟಿಯಲ್ಲಿದ್ದರೆ ಒಂದಿಷ್ಟು ಅಂಕ, ಪಿಟಿಆರ್ ಇಲ್ಲದಿದ್ದರೆ ಒಂದಿಷ್ಟು, ಡಿಕಿಮ್ ಸರಿಯಿದ್ದರೆ ಅಷ್ಟು ಕಡಿತ ಎಂದು ಆರ್‌ಸ್ಪ್ಯಾಮ್‌ಡಿ ಎಂಬ ಸ್ಪ್ಯಾಮ್ ಸೋಸುವ ತಂತ್ರಾಂಶ ಲೆಕ್ಕ ಹಾಕುತ್ತದೆ. ಅಂಕ ಮಿತಿ ಮೀರಿದರೆ ಸಂಭಾಷಣೆ ನಡೆಯುತ್ತಿರುವಾಗಲೇ 554 ಹೇಳಿ ತಿರುಗಿಸುತ್ತೇನೆ, ಸ್ವೀಕರಿಸಿ ಬಚ್ಚಿಡುವುದಿಲ್ಲ. ತಿರುಗಿಸುವ ಸಾಲಿನಲ್ಲಿ ಕಾರಣವೂ, ನಮ್ಮನ್ನು ಸಂಪರ್ಕಿಸಬಹುದಾದ ಒಂದು ಪುಟದ ಕೊಂಡಿಯೂ ಇರುತ್ತವೆ, ಆ ಪುಟ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇದೆ. ಪೋಸ್ಟ್‌ಮಾಸ್ಟರ್ ವಿಳಾಸಕ್ಕೆ ಬರುವ ಮೇಲಿಗೆ ಯಾವ ಪಟ್ಟಿಯೂ ಅನ್ವಯಿಸುವುದಿಲ್ಲ. ಮೊನ್ನೆ ಹಾವೇರಿಯ ಒಬ್ಬ ಶಿಕ್ಷಕರು, ತಮ್ಮ ಮನೆಯ ಸರ್ವರಿನಿಂದ ಕಳಿಸಿದ್ದು ತಿರುಗಿತೆಂದು ಆ ವಿಳಾಸಕ್ಕೆ ಬರೆದಿದ್ದರು. ಅವರ ಕಂಪನಿಯಲ್ಲಿ ಪಿಟಿಆರ್ ಹಾಕಿಸಲು ಯಾವ ವಿಭಾಗವನ್ನು ಕೇಳಬೇಕು, ಅರ್ಜಿಯಲ್ಲಿ ಏನೇನು ಬರೆಯಬೇಕು ಎಂಬುದನ್ನು ತಿಳಿಸಿ, ಅಲ್ಲಿಯವರೆಗೆ ಅವರ ವಿಳಾಸವನ್ನು ನಮ್ಮ ಕಡೆ ತಡೆಯದೆ ಒಳಬಿಡುವ ಪಟ್ಟಿಗೆ ಸೇರಿಸಿದ್ದೇನೆ.